ಗೇಣುದ್ದದ ಡೀಸೆಲ್ ಇಂಜಿನ್ನು

ಯುವಮಿತ್ರರೇ, ಊರಿನ ನೆನಪು, ಹಬ್ಬದ ಅಡುಗೆ ಅಂತ ನಮ್ಮಂಥ ಗೃಹಿಣಿಯರು ಈ ಪತ್ರಿಕೆಯಲ್ಲಿ ಬರೆದದ್ದನ್ನು ಓದಿ ಓದಿ ನಿಮಗೆ ಸಾಕಾಗಿರಬಹುದು. ಈ ಸಲ ರೈಲು ಇಂಜಿನ್ನಿಗೆ ಬಣ್ಣ ಹಚ್ಚುವ ವಿಷಯ ಬರೆಯುತ್ತೇನೆ. ನಗಬೇಡಿ. ಬಿ.ಎ.ಯಲ್ಲಿ ಷೇಕ್ಸ್‌ಪಿಯರನನ್ನು ಓದಿದ ನನಗೆ ಈ ವಿದ್ಯೆ ಕಲಿಸಿದವನು ನನ್ನ ಮಗ. ಅವನಿಗೂ ನಿಮ್ಮದೇ ವಯಸ್ಸು. ನಿಮ್ಮ ಹಾಗೇ ಅರ್ಧ ತೆಲುಗು, ಅರ್ಧ ಕನ್ನಡ.

ನಮ್ಮ ಮಾವನವರು ಬಳ್ಳಾರಿಯವರು. ವಿಶಾಖಪಟ್ಟಣದ ಡೀಸೆಲ್ ಶೆಡ್ಡಿಗೆ ಫಿಟ್ಟರ್ ಆಗಿ ಬಂದು ಇಲ್ಲೇ ನಿವೃತ್ತರಾದರು. ಅವರ ಕೈ ಪಳಗಿದ್ದು ಡಬ್ಲ್ಯುಡಿಎಂ-2 ಇಂಜಿನ್ನಿನ ಮೇಲೆ. ಡಬ್ಲ್ಯು ಅಂದರೆ ಅಗಲ ಹಳಿ, ಡಿ ಅಂದರೆ ಡೀಸೆಲ್, ಎಂ ಅಂದರೆ ಪ್ಯಾಸೆಂಜರು ಗೂಡ್ಸು ಎರಡಕ್ಕೂ ಆಗುವಂಥದ್ದು. ಹದಿನಾರು ಸಿಲಿಂಡರು, 2600 ಕುದುರೆ ಶಕ್ತಿ. ವಿನ್ಯಾಸ ಅಮೆರಿಕದ ಆಲ್ಕೋ ಕಂಪನಿಯದು. 1964ರ ಜನವರಿಯಲ್ಲಿ ವಾರಾಣಸಿಯ ಕಾರ್ಖಾನೆಯಿಂದ ನಮ್ಮ ದೇಶದಲ್ಲೇ ತಯಾರಾದ ಮೊದಲನೆಯದು ಹೊರಬಂತು. ತಮಾಷೆ ಎಂದರೆ, ಆಲ್ಕೋದವರು 1969ರಲ್ಲಿ ಇಂಜಿನ್ ಮಾಡುವುದನ್ನೇ ನಿಲ್ಲಿಸಿದರು. ನಮ್ಮವರು ಆಮೇಲೂ ದಶಕಗಟ್ಟಲೆ ಮಾಡುತ್ತಲೇ ಹೋದರು. ಕೊತ್ತವಲಸ-ಕಿರಂದೂಲ್ ಘಟ್ಟದಲ್ಲಿ ವಿದ್ಯುತ್ ತಂತಿ ಬರುವ ಮುಂಚೆ ಬೈಲಾಡಿಲಾದ ಕಬ್ಬಿಣದ ಅದಿರನ್ನು ಬಂದರಿಗೆ ಇಳಿಸಿದ್ದೂ ಡೀಸೆಲ್ಲುಗಳೇ. ಅರಕು ನೋಡಲು ಹೋದಾಗ ನೀವು ಸೆಲ್ಫಿ ತೆಗೆದುಕೊಳ್ಳುವ ಸುರಂಗಗಳು ಆ ದಾರಿಯವೇ.

ಮಗನಿಗೆ ಹೊರದೇಶದ ನೆಂಟರೊಬ್ಬರು ಅಮೆರಿಕದ ಆಲ್ಕೋ ಇಂಜಿನ್ನಿನ ಮಾಡೆಲ್ ತಂದುಕೊಟ್ಟರು. ನಿಜದ 87ರಲ್ಲಿ ಒಂದು ಪಾಲು. ಡಬ್ಲ್ಯುಡಿಎಂ-2ರ ಉದ್ದ 17 ಮೀಟರಿಗೆ ಸ್ವಲ್ಪ ಮೇಲು, ಅಂದರೆ ಈ ಲೆಕ್ಕಕ್ಕೆ ಒಂದು ಗೇಣು. ಅದನ್ನು ತಾತನ ಇಂಜಿನ್ ಮಾಡುತ್ತೇನೆಂದು ಹುಡುಗ ಹಟ ಹಿಡಿದ. ಹಳಿಯ ವಿಷಯದಲ್ಲೇ ಮೊದಲ ತಕರಾರು. ನಮ್ಮ ಅಗಲ ಹಳಿ 1676 ಮಿಲಿಮೀಟರು, ಮಾಡೆಲ್ಲಿನಲ್ಲಿ ಅದು 19 ಮಿಲಿಮೀಟರಿಗೆ ತುಸು ಹೆಚ್ಚಾಗಬೇಕು. ಬಂದ ಮಾಡೆಲ್ಲಿನದು ಹದಿನಾರೂವರೆ. ಸರಿಮಾಡಲು ಹೋದರೆ ಗಾಲಿ, ಅಚ್ಚು, ಹಳಿ ಎಲ್ಲ ಹೊಸದಾಗಿ ಆಗಬೇಕು, ಆದ್ದರಿಂದ ಹಾಗೇ ಬಿಟ್ಟೆವು. ಮಾವನವರಿಗೆ ಮಾತ್ರ ಕೊನೆತನಕ ಸಮಾಧಾನವಾಗಲಿಲ್ಲ. "ಕಾಲು ಕೂಡಿಸಿಕೊಂಡು ನಿಂತಿದೆಯಲ್ಲೋ," ಎನ್ನುತ್ತಿದ್ದರು.

ಅಷ್ಟು ಹೊತ್ತಿಗೆ ಅವರಿಗೆ ಕಣ್ಣು ಪೂರ್ತಿ ಹೋಗಿತ್ತು. ಗ್ಲಾಕೋಮಾ. ಎಲ್ಲವನ್ನೂ ಬೆರಳಿನಲ್ಲೇ ನೋಡುತ್ತಿದ್ದರು. ಅಮೆರಿಕದ ಇಂಜಿನ್ನಿಗೆ ಗಂಟೆ ಇರುತ್ತದೆ, ಅದನ್ನು ಕತ್ತರಿಸಿ ತೆಗೆಸಿದರು. ಮುಂದೆ ದನ ತಳ್ಳುವ ಜಾಲರಿ ಹಾಕಿಸಿದರು. ಅಲ್ಲಿಯವಕ್ಕೆ ಅಕ್ಕಪಕ್ಕದ ಬಫರುಗಳಿಲ್ಲ, ನಮ್ಮದಕ್ಕೆ ಬೇಕೇಬೇಕು. ಐದಾರು ಮಿಲಿಮೀಟರಿನ ದುಂಡು ಬಿಲ್ಲೆ ಎಲ್ಲಿಂದ ತರುವುದು? ನನ್ನ ಹೊಲಿಗೆ ಡಬ್ಬಿಯ ಟಿಚ್ ಬಟನ್ನು ಸರಿಹೋಯಿತು. ಮಾವನವರು ಸವರಿ ನೋಡಿ, "ಇದು ರವಿಕೆಯದಲ್ಲವೇನಮ್ಮಾ?" ಎಂದರು.

ಹಳೇ ಬಣ್ಣವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆವು. (ಮೊದಲು ಒಳಗಿನ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ, ಕೆಲವು ಪ್ಲಾಸ್ಟಿಕ್ ತಡೆಯುವುದಿಲ್ಲ.) ಬೂದು ಪ್ರೈಮರ್ ಆದಮೇಲೆ ಶುರುವಾಯಿತು ನಿಜವಾದ ಕಷ್ಟ. ಯಾವ ಕೆಂಪು?

ಇದ್ದದ್ದು ಒಂದೇ ಫೋಟೋ, ಅದೂ ಕಪ್ಪುಬಿಳುಪು, ವಿಜಯವಾಡ ಸ್ಟೇಷನ್ನಿನಲ್ಲಿ ತೆಗೆದದ್ದು. 1980ರ ದಶಕದಲ್ಲಿ ಮದ್ರಾಸಿನ ಕಡೆಯಿಂದ ವಿದ್ಯುತ್ ತಂತಿ ವಿಜಯವಾಡದ ತನಕ ಬಂದಿತ್ತು, ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಆದ್ದರಿಂದ ನಮ್ಮ ಡೀಸೆಲ್ಲುಗಳು ಅಲ್ಲಿ ಗಾಡಿಯನ್ನು ಒಪ್ಪಿಸಿ ನಿಲ್ಲುತ್ತಿದ್ದವು. ಅಂಥ ಒಂದು ದಿನ ಇಂಜಿನ್ನಿನ ಮುಂದೆ ನಿಂತು ಮಾವನವರು ಹೊಡೆಸಿಕೊಂಡ ಫೋಟೋ ಅದು. ಕೆಂಪು ಮೈ, ಹಳದಿ ಪಟ್ಟಿ ಎಂಬುದೇನೋ ನೆನಪಿತ್ತು. ಆದರೆ ಕಣ್ಣಿಲ್ಲದವರಿಗೆ ಬಣ್ಣದ ಚೀಟಿ ತೋರಿಸಿ ಏನು ಕೇಳುತ್ತೀರಿ? ಮಗ, "ಬ್ರಿಕ್ ರೆಡ್ಡಾ ತಾತಾ? ಮರೂನಾ?" ಎಂದು ನಾಲ್ಕು ದಿನ ಪೀಡಿಸಿದ. ಅವರು ಒಣಗಿದ ಹುಣಸೆಹಣ್ಣು ಎಂದರು, ಮರುದಿನ ಕಾಚು ಎಂದರು. ಕಾಚು ಅಂದರೆ ಏನೆಂದು ಅವನಿಗೆ ಗೊತ್ತಿಲ್ಲ. ನಾನು ಬೀಡಾ ಅಂಗಡಿಗೆ ಹೋಗಿ ತಂದು ತೋರಿಸಬೇಕಾಯಿತು. ಐದನೇ ದಿನ ಊಟಕ್ಕೆ ಕೂತವರು ತಟ್ಟನೆ ನನ್ನ ಕಡೆ ತಿರುಗಿ, "ನಿನ್ನ ಮದುವೆಯ ಇಳಕಲ್ ಸೀರೆ ಇದೆಯಲ್ಲ, ಅದಕ್ಕಿಂತ ಒಂದು ಗುಲಗಂಜಿ ಕಪ್ಪು," ಎಂದರು.

ಸೀರೆ ಟ್ರಂಕಿನಿಂದ ಬಂತು. ಕಿಟಕಿಯ ಬೆಳಕಿನಲ್ಲಿ ಅದರ ಮೈಯನ್ನು ಹರಡಿಕೊಂಡು ಹುಡುಗ ಬಣ್ಣ ಕಲಸಿದ. ತೆಳು ಬಣ್ಣ ಯಾವಾಗಲೂ ಮೊದಲು: ಹಳದಿ ಹೊಡೆದು, ಪಟ್ಟಿಯಷ್ಟು ಜಾಗಕ್ಕೆ ಟೇಪ್ ಅಂಟಿಸಿ, ಮೇಲೆ ಕೆಂಪು. ಒಮ್ಮೆಲೇ ದಪ್ಪ ಹೊಡೆಯದೆ ತೆಳ್ಳಗೆ ಮೂರು ಸಲ. ಟೇಪನ್ನು ಹಿಂದಕ್ಕೆ ಮಡಿಸಿಕೊಂಡು ನಿಧಾನ ಎಳೆಯಬೇಕು. ಎಳೆದಾಗ ಬಂದ ಆ ಹಳದಿ ಗೆರೆ ನೋಡಿ ನಾನು, ಒಲೆಯ ಮೇಲೆ ಹಾಲಿಟ್ಟದ್ದು ಮರೆತು, ಅಲ್ಲೇ ನಿಂತುಬಿಟ್ಟೆ.

ಬಣ್ಣ ಒಣಗಿದ ಇಂಜಿನ್ನನ್ನು ಮಾವನವರ ತೊಡೆಯ ಮೇಲಿಟ್ಟೆವು. ಪಟ್ಟಿಯ ಅಂಚಿನ ಮೇಲೆ ಉಗುರಾಡಿಸಿ, "ನೇರ ಇದೆ," ಎಂದರು. ಉದ್ದ ಮೂತಿ ಮುಂದಾಗಿ ಓಡಿಸಿದರೆ ಡ್ರೈವರಿಗೆ ಸಿಗ್ನಲ್ ನೋಡುವುದು ಎಷ್ಟು ಕಷ್ಟ ಎಂದು ಅವತ್ತು ಒಂದು ಗಂಟೆ ಹೇಳಿದರು. ಮಗ ನಡುವೆ ಒಮ್ಮೆಯೂ ತೆಲುಗಿಗೆ ತಿರುಗಲಿಲ್ಲ.

ಆ ಮಳೆಗಾಲದಲ್ಲಿ ಅವರು ಹೋದರು. ಉಳಿದಿದ್ದದ್ದು ನಂಬರು. ಐದು ಅಂಕಿ. ಅವರನ್ನೇ ಕೇಳಿದರಾಯಿತು ಎಂದು ಹುಡುಗ ಅದನ್ನು ಕೊನೆಗಿಟ್ಟಿದ್ದ. ಫೋಟೋದಲ್ಲಿ ನಾಲ್ಕು ಸ್ಪಷ್ಟವಾಗಿವೆ. ಐದನೆಯದಕ್ಕೆ ಮಾವನವರ ಭುಜ ಅಡ್ಡ ಬಂದಿದೆ. ಯಾವುದಾದರೂ ಒಂದು ಹಾಕು ಎಂದರೆ ಅವನು ಒಪ್ಪುವುದಿಲ್ಲ. ಮ್ಯಾಟ್ ವಾರ್ನಿಷ್ ಹೊಡೆದಮೇಲೆ ಅಂಕಿ ಅಂಟಿಸಿದರೆ ಅಂಚು ಎದ್ದು ಕಾಣುತ್ತದಂತೆ, ಆದ್ದರಿಂದ ಆ ಡಬ್ಬಿಯನ್ನೂ ತೆರೆದಿಲ್ಲ. ಪಿಂಚಣಿದಾರರ ಮನೆಗಳಿಗೆ ಫೋಟೋ ಹಿಡಿದುಕೊಂಡು ಹೋಗಿ ಬಂದಿದ್ದಾನೆ. ನಿಮ್ಮ ಮನೆಯ ಹಿರಿಯರು ಯಾರಾದರೂ ಆ ಕಾಲದಲ್ಲಿ ಶೆಡ್ಡಿನಲ್ಲಿದ್ದರೆ ದಯವಿಟ್ಟು ಕೇಳಿ ನೋಡಿ. ಸಂಘದ ಮುಂದಿನ ಸಭೆಗೆ ಫೋಟೋ ತರುತ್ತೇವೆ.