ಗುಂಬದೊಳಗಿನ ಗುಂಡು

ತಣಿಸಂದ್ರ ಮೇನ್ ರೋಡಿನಲ್ಲಿ ಸಾಯಂಕಾಲ ಬೈಕ್ ಓಡಿಸುವವನಿಗೆ ತನ್ನ ಗಾಡಿಯ ಸದ್ದು ತನಗೇ ಕೇಳಿಸುವುದು ಅಪರೂಪ. ಮಾನ್ಯತಾ ಟೆಕ್ ಪಾರ್ಕ್ ಬಿಡುವ ಹೊತ್ತಿನ ಕ್ಯಾಬ್‌ಗಳು, ನೀರಿನ ಟ್ಯಾಂಕರ್‌ಗಳು, ಅವುಗಳ ಹಾರ್ನು. ಹಾಗಾಗಿ ನನ್ನ ಹಿಂದಿನ ಚಕ್ರ ಗುಂಯ್‌ಗುಡುತ್ತಿರುವುದು ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ, ರಾಚೇನಹಳ್ಳಿ ಕೆರೆಯ ಕಡೆ ತಿರುಗಿದಾಗ. ಕ್ಲಚ್ ಒತ್ತಿದೆ, ನಿಲ್ಲಲಿಲ್ಲ. ಹಾಗಾದರೆ ಅದು ಎಂಜಿನ್ನಿನದಲ್ಲ. ಡಬಲ್ ಸ್ಟ್ಯಾಂಡ್ ಹಾಕಿ ಟೈರನ್ನು ಹಿಡಿದು ಅಲ್ಲಾಡಿಸಿದರೆ ಟಕ್ ಟಕ್. ಗ್ಯಾರೇಜಿನವನು ಗಾಡಿ ಮುಟ್ಟುವ ಮೊದಲೇ, "ಪ್ಲೇ ಬಂದಿದೆ ಸಾರ್, ಬೇರಿಂಗ್ ಹೋಯ್ತು" ಎಂದ.

ಆಕ್ಸಲ್ ಎಳೆದು ಚಕ್ರ ಬಿಚ್ಚಿದ. ಹಬ್ಬಿನೊಳಕ್ಕೆ ಉದ್ದನೆಯ ಕಂಬಿ ತೂರಿಸಿ, ನಡುವಿನ ಸ್ಪೇಸರ್ ಕೊಳವೆಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ, ಒಳಬಳೆಯ ಅಂಚಿಗೆ ಸುತ್ತಲೂ ತಟ್ಟುತ್ತಾ ಬಂದ. ಈಚೆ ಬಿದ್ದದ್ದನ್ನು ನನ್ನ ಅಂಗೈಗಿಟ್ಟ. ರಬ್ಬರ್ ಸೀಲಿನ ಅಂಚಿನಲ್ಲಿ ತುಕ್ಕಿನ ಕೆಂಪು ನೀರು. ಸೀಲ್ ಎಬ್ಬಿಸಿದರೆ ಗ್ರೀಸ್ ಇರಬೇಕಾದಲ್ಲಿ ಕಾಫಿ ಗಷ್ಟಿನಂಥ ರಾಡಿ. ಬೆರಳಿನಿಂದ ತಿರುಗಿಸಿದಾಗಲೆಲ್ಲ ಅಲ್ಲಲ್ಲೇ ಮುಗ್ಗರಿಸುತ್ತಿತ್ತು. ಗುಂಡುಗಳು ಓಡುವ ಹೊಳಪಿನ ಓಣಿಯಲ್ಲಿ ಸಣ್ಣ ಸಣ್ಣ ಗುಂಡಿ ಬಿದ್ದಿದ್ದವು. ತಣಿಸಂದ್ರದ ರಸ್ತೆ ಚಕ್ರದ ಒಳಕ್ಕೂ ಬಂದಿತ್ತು.

ನಮ್ಮಜ್ಜನ ಎತ್ತಿನಗಾಡಿಗೆ ಈ ಕಾಟ ಇರಲಿಲ್ಲ, ಅದರದ್ದು ಬೇರೆಯೇ ಕಾಟ. ಮರದ ಗುಂಬ, ಅದರೊಳಗೆ ಕಬ್ಬಿಣದ ಅಚ್ಚು, ಚಕ್ರ ಕಳಚದಂತೆ ಕಡಾಣಿ. ಉಜ್ಜಾಟಕ್ಕೆ ಮದ್ದು ಕೀಲೆಣ್ಣೆ: ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ್ದು. ಅದರ ಗೊಟ್ಟ ಗಾಡಿಯ ಕೆಳಗೇ ತೂಗಾಡುತ್ತಿತ್ತು. ಹಾಕುವುದು ಮರೆತರೆ ಚಕ್ರ ಊರಿಗೆಲ್ಲ ಕೇಳುವಂತೆ ಕಿರ್ರೆಂದು ಯಜಮಾನನ ಮಾನ ಕಳೆಯುತ್ತಿತ್ತು. ಸೀಲ್ ಹಾಕಿದ ಬೇರಿಂಗಿಗೆ ಅಂಥ ಬಾಯಿಲ್ಲ. ಎಣ್ಣೆ ಕೇಳುವುದಿಲ್ಲ, ಗ್ರೀಸ್ ಕೇಳುವುದಿಲ್ಲ. ಸದ್ದೆತ್ತುವ ಹೊತ್ತಿಗೆ ಉಪಚಾರದ ಕಾಲ ಮುಗಿದಿರುತ್ತದೆ. ಬಾಯಿಬಡುಕ ಗಾಡಿಯೇ ವಾಸಿ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಜಾರಿಸುವುದಕ್ಕಿಂತ ಉರುಳಿಸುವುದು ಸಲೀಸು ಎಂಬುದು ಹಳೆಯ ತಿಳಿವಳಿಕೆಯೇ. ವೇಲ್ಸಿನ ಫಿಲಿಪ್ ವಾನ್ 1794ರಲ್ಲೇ ಗಾಡಿಯ ಅಚ್ಚಿಗೆ ಗುಂಡುಗಳನ್ನು ಕೂರಿಸಿ ಪೇಟೆಂಟ್ ಪಡೆದಿದ್ದ. 1869ರಲ್ಲಿ ಪ್ಯಾರಿಸಿನ ಜೂಲ್ ಸೂರಿರೇ ಅದನ್ನು ಸೈಕಲ್ಲಿಗೆ ತಂದ. ಅದೇ ನವೆಂಬರಿನ ಪ್ಯಾರಿಸ್-ರುವಾಂ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದದ್ದು ಗುಂಡು ತುಂಬಿದ ಚಕ್ರದ ಮೇಲೆ. ಆದರೆ ಕೈಯಲ್ಲಿ ಉಜ್ಜಿದ ಗುಂಡುಗಳೆಲ್ಲ ಒಂದೇ ಅಳತೆಗೆ ಬರುವುದುಂಟೆ? ಒಂದು ತುಸು ದಪ್ಪವಾದರೂ ಭಾರವೆಲ್ಲ ಅದರ ತಲೆಗೇ. 1883ರಲ್ಲಿ ಜರ್ಮನಿಯ ಶ್ವೈನ್‌ಫುರ್ಟಿನಲ್ಲಿ ಫ್ರೀಡ್ರಿಶ್ ಫಿಶರ್ ಗುಂಡು ಅರೆಯುವ ಯಂತ್ರ ಮಾಡಿದ ಮೇಲೆ ಆ ಪಕ್ಷಪಾತ ತಪ್ಪಿತು. ನಮ್ಮ ಪಕ್ಕದ ಯಲಹಂಕದ ಕಾರ್ಖಾನೆಯಲ್ಲಿ 1984ರಿಂದ ತಯಾರಾಗುತ್ತಿರುವ ರೈಲಿನ ಗಾಲಿಗಳೂ ಇದೇ ಉಪಾಯದ ಮೇಲೆ ಉರುಳುತ್ತವೆ. ಅಲ್ಲಿ ಗುಂಡಿನ ಬದಲು ಉರುಳೆ, ಅಷ್ಟೆ.

ನನಗೆ ಬೇಕಾದದ್ದು 6301. ಕೊನೆಯ 01 ಎಂದರೆ ಒಳತೂತು 12 ಮಿ.ಮೀ.; ಹೊರಗಿನ ಅಳತೆ 37, ದಪ್ಪ 12. ಯಾವ ದೇಶದಲ್ಲಿ ತಯಾರಾದರೂ ಇಷ್ಟೇ. ಜೆ.ಸಿ. ರೋಡಿನ ಅಂಗಡಿಯಲ್ಲಿ ಈ ನಂಬರ್ ಹೇಳಿದರೆ ಬೈಕಿನ ಕುಲಗೋತ್ರ ವಿಚಾರಿಸುವುದಿಲ್ಲ.

ಹೊಸದನ್ನು ಕೂರಿಸುವಾಗ ಏಟು ಹೊರಬಳೆಗೆ ಮಾತ್ರ ಬೀಳಬೇಕು. ಒಳಬಳೆಗೆ ಬಿದ್ದರೆ ಅದು ಗುಂಡುಗಳನ್ನು ಹಾದು, ಓಡುವ ಮೊದಲೇ ಓಣಿಯಲ್ಲಿ ಗುಂಡಿ ತೋಡುತ್ತದೆ. ಗ್ಯಾರೇಜಿನವನು ಹಳೆಯ ಬೇರಿಂಗನ್ನೇ ಮೇಲಿಟ್ಟು ತಟ್ಟಿದ. ಸದ್ದು ಠಪ್ ಎಂದು ಗಟ್ಟಿಯಾದಾಗ ತಳ ಸೇರಿತೆಂದು ನಿಲ್ಲಿಸಿದ. ಮರೆಯದೆ ಸ್ಪೇಸರ್ ತುರುಕಿದ; ಅದಿಲ್ಲದೆ ಆಕ್ಸಲ್ ನಟ್ ಬಿಗಿದರೆ ಎರಡು ಬದಿಯ ಒಳಬಳೆಗಳೂ ಒಳಕ್ಕೆ ಒತ್ತಿ, ಬೇರಿಂಗ್ ಮತ್ತೆ ಹಾಳು. ಇನ್ನೊಂದು ಬದಿಯದ್ದನ್ನೂ ನಾನು ಕೇಳದೆಯೇ ಬದಲಿಸಿದ. ಅದರ ಮೇಲೆ ಜಗಳ ಆಡಬಾರದು. ಜೊತೆಯದ್ದು ಹೋದ ಮೇಲೆ ಅದೂ ಹೆಚ್ಚು ದಿನ ಬಾಳುವುದಿಲ್ಲ.

"ಇದು ಸವೆದದ್ದಲ್ಲ ಸಾರ್, ನೀರು ಕುಡಿದದ್ದು" ಎಂದ. ರಸ್ತೆಯ ನೀರನ್ನು ಸೀಲ್ ಒಂದಷ್ಟು ತಡೆದೀತು; ಪ್ರೆಶರ್ ಪೈಪನ್ನು ನೇರ ಹಬ್ಬಿಗೆ ಹಿಡಿದರೆ ತಡೆಯಲಾರದು. ಅವನು ಇದನ್ನು ವಿವರಿಸುತ್ತಿರುವಾಗಲೇ ಅವನ ಹುಡುಗ ಪೈಪ್ ಎಳೆದುಕೊಂಡು ಬಂದು ಕೇಳಿದ: "ವಾಟರ್ ವಾಶ್ ಹೊಡೆದುಬಿಡ್ಲಾ ಸಾರ್? ಇವತ್ತು ಫ್ರೀ."