ಬೂದಿಗೆರೆ ಸೀಮೆಯ ಕತ್ತಿಗೆ ತುಕ್ಕಿನ ಕಾಟ

ಊರಿನ ಹೆಸರಿನಲ್ಲಿ ಬೂದಿಯೂ ಇದೆ, ಕೆರೆಯೂ ಇದೆ. ಕತ್ತಿ ನಂಬಿ ಬದುಕುವವರಿಗೆ ಮೊದಲನೆಯದು ಮಿತ್ರ, ಎರಡನೆಯದು ಶತ್ರು. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆ ಕಡೆಗೆ ಹೊಸಬರು ಈಗ ಬರುವುದು ಹೆಚ್ಚಾಗಿ ನಿವೇಶನ ನೋಡಲು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ನೆಲಕ್ಕೆ ಬಂದ ಬೆಲೆ ಎಲ್ಲರಿಗೂ ಗೊತ್ತು. ಆದರೆ ತಾಲ್ಲೂಕಿಗೆ ಹೆಸರು ತಂದದ್ದು ಹಿಪ್ಪುನೇರಳೆ, ದ್ರಾಕ್ಷಿ, ಚಕ್ಕೋತ. ಮೂರಕ್ಕೂ ಹರಿತವಾದ ಅಲಗು ಬೇಕು.

ಬಯಲುಸೀಮೆಯಲ್ಲಿ ತುಕ್ಕಿನ ಮಾತೇಕೆ ಎನ್ನಬಹುದು. ಮಲೆನಾಡಿನ ಜಡಿಮಳೆ ಇಲ್ಲಿಲ್ಲ, ನಿಜ. ಆದರೆ ಹುಳು ಮನೆಯ ಹೊಸ್ತಿಲು ದಾಟಿದರೆ ಹವೆಯೇ ಬೇರೆ. ಚಾಕಿ ಹುಳುವಿಗೆ 27-28 ಡಿಗ್ರಿ ಶಾಖ, ಶೇ 85-90ರಷ್ಟು ತೇವ ಬೇಕು. ಕಬ್ಬಿಣದ ಮೇಲೆ ನೀರು ಬೀಳಲೇಬೇಕೆಂದಿಲ್ಲ; ಗಾಳಿಯ ತೇವ ಶೇ 60 ದಾಟಿದರೆ ಸಾಕು, ತುಕ್ಕಿಗೆ ಓಟ ಬರುತ್ತದೆ. ಎಳೆಯ ಹುಳುವಿಗೆ ಸೊಪ್ಪು ಹೆಚ್ಚುವ ಕತ್ತಿಯ ವಾಸ ಇಂಥ ಕಡೆ. ಮೊಂಡಾದ ಅಲಗು ಸೊಪ್ಪನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಸೊಪ್ಪು ಬೇಗ ಬಾಡುತ್ತದೆ. ಚಾಕಿಯಲ್ಲಿ ಹೊಟ್ಟೆ ತುಂಬದ ಹುಳುವಿನ ಲೆಕ್ಕ ಕೊನೆಗೆ ಗೂಡಿನ ತೂಕದಲ್ಲಿ ಸಿಗುತ್ತದೆ.

ಸಾಲದ್ದಕ್ಕೆ ಬ್ಲೀಚಿಂಗ್ ಪುಡಿ. ರೋಗ ಬಾರದಂತೆ ಹುಳು ಮನೆ, ತಟ್ಟೆಗಳನ್ನೆಲ್ಲ ಅದರ ದ್ರಾವಣದಲ್ಲಿ ತೊಳೆಯುತ್ತಾರೆ. ಅದರ ಕ್ಲೋರಿನ್ ಸ್ಟೇನ್‌ಲೆಸ್ ಉಕ್ಕಿನಲ್ಲೂ ಸೂಜಿಮೊನೆಯಂಥ ಗುಳಿ ಕೊರೆಯಬಲ್ಲದು. ಎಣ್ಣೆ ಸವರಿ ಇಡೋಣವೆಂದರೆ ಅದು ಸೊಪ್ಪಿಗೆ ಅಂಟುತ್ತದೆ. ಹೀಗಾಗಿ ಚಾಕಿ ಮನೆಗೆ ಸ್ಟೇನ್‌ಲೆಸ್ ಕತ್ತಿಯೇ ಸರಿ. ಅದರಲ್ಲಿ ಕ್ರೋಮಿಯಂ ಶೇ 13ರ ಆಸುಪಾಸು ಇರುತ್ತದೆ. ಅದು ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟಿ ಉಕ್ಕನ್ನು ಕಾಯುತ್ತದೆ. ಬ್ಲೀಚಿಂಗ್ ನೀರು ತಾಗಿದ ಕತ್ತಿಯನ್ನು ಒಳ್ಳೆಯ ನೀರಿನಲ್ಲಿ ತೊಳೆದು, ಒರೆಸಿ, ಹೊರಗೆ ತೂಗುಹಾಕಿದರಾಯಿತು.

ತೋಟದ ಕೆಲಸಕ್ಕೆ ಮಾತ್ರ ಕುಲುಮೆಯ ಮಚ್ಚನ್ನು ಬಿಟ್ಟುಕೊಡಬೇಕಾಗಿಲ್ಲ. ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಬಡಿದ ಮಚ್ಚಿಗೆ ತುಕ್ಕು ಹಿಡಿಯುತ್ತದೆ, ಆದರೆ ಕಲ್ಲಿನ ಮೇಲೆ ನಾಲ್ಕು ಸಲ ಉಜ್ಜಿದರೆ ಹರಿತ ಮರಳುತ್ತದೆ. ಈ ನಾಡಿಗೆ ಉಕ್ಕು ಹೊಸದೂ ಅಲ್ಲ. ಮಣ್ಣಿನ ಮೂಸೆಯಲ್ಲಿ ಉಕ್ಕು ಕಾಸುವುದನ್ನು 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಬರೆದಿಟ್ಟಿದ್ದಾನೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಗಳ ಚೂರುಗಳು ಸಿಕ್ಕಿವೆ. ಇಂಗಾಲ ಹೆಚ್ಚಿದ್ದ ಆ ಉಕ್ಕು ಬಲು ಗಡುಸು. ತುಕ್ಕು ಅದನ್ನೂ ಬಿಡುತ್ತಿರಲಿಲ್ಲ.

ಚಕ್ಕೋತ, ಹುಣಸೆ, ಈರುಳ್ಳಿಯ ರಸ ತಾಗಿ ಅಲಗು ಕಪ್ಪಾದರೆ ಗಾಬರಿ ಬೇಡ. ಆ ಕಪ್ಪು ಒಂದಿಷ್ಟು ರಕ್ಷೆಯೇ. ಕೆಂಪು ಮಾತ್ರ ಕೆಟ್ಟದ್ದು, ಅದರ ಅಡಿಯಲ್ಲಿ ತೇವ ನಿಂತು ಉಕ್ಕನ್ನು ಇನ್ನಷ್ಟು ತಿನ್ನುತ್ತದೆ. ಅದಕ್ಕೆ ಅಜ್ಜಿಯರ ಒಲೆ ಬೂದಿ ಇದೆ. ಜರಡಿ ಹಿಡಿದ ಬೂದಿಯಿಂದ ತಿಕ್ಕಿದರೆ ಎಳೆ ತುಕ್ಕು ಬಿಡುತ್ತದೆ. ತಿಕ್ಕಿದ ಮೇಲೆ ಬೂದಿಯನ್ನು ಪೂರ್ತಿ ತೊಳೆದು ಒಣಗಿಸಬೇಕು, ಏಕೆಂದರೆ ಅದರ ಕ್ಷಾರ ಗಾಳಿಯ ತೇವವನ್ನು ಹೀರುತ್ತದೆ. ಆಮೇಲೆ ತೋಟದ ಮಚ್ಚಿಗೆ ಹೊಂಗೆ ಎಣ್ಣೆ, ಅಡಿಗೆಮನೆಯದಕ್ಕೆ ಕೊಬ್ಬರಿ ಎಣ್ಣೆ, ಒಂದೊಂದು ಹನಿ. ಗೋಣಿಯಲ್ಲಿ ಸುತ್ತಿಡುವ ಚಾಳಿ ಮಾತ್ರ ಬೇಡ, ಗೋಣಿ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಸಾಣೆ ಹಿಡಿಸುವಾಗಲೂ ಕಣ್ಣಿರಲಿ. ಕರೆಂಟಿನ ಸಾಣೆಚಕ್ರಕ್ಕೆ ಒತ್ತಿ ಹಿಡಿದಾಗ ಅಂಚು ನೀಲಿಗೆ ತಿರುಗಿದರೆ ಅಲ್ಲಿಗೆ ಹದ ಹೋಯಿತೆಂದೇ ಅರ್ಥ. ಅಂಥ ಮಚ್ಚನ್ನು ಮತ್ತೆ ಕುಲುಮೆಗೇ ಒಯ್ಯಬೇಕು.