ಹಳೆಯ ಯಂತ್ರಕ್ಕೆ ತಕ್ಕ ವ್ಯವಸ್ಥೆ

ನಮ್ಮ ತಾಯಿಯವರು ಕರ್ತನಲ್ಲಿ ನಿದ್ರೆಹೋದ ಬಳಿಕ, ಅವರ ಕಂಠದ ಕೀರ್ತನೆಗಳೂ ಕುಟುಂಬದ ಛಾಯಾಚಿತ್ರಗಳೂ ಮನೆಯ ಹಳೆಯ ಗಣಕಯಂತ್ರವೊಂದರಲ್ಲಿಯೇ ಉಳಿದಿದ್ದುವು. ಅದನ್ನು ನಡೆಸುತ್ತಿದ್ದ ವಿಂಡೋಸ್ ೧೦ಕ್ಕೆ ೨೦೨೫ನೆಯ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲವು ಮುಗಿಯಿತು. ವಿಂಡೋಸ್ ೧೧ಕ್ಕೆ ಟಿಪಿಎಂ ೨.೦ ಎಂಬ ರಕ್ಷಣಾಂಗವು ಬೇಕು. ನಮ್ಮ ಯಂತ್ರದಲ್ಲಿ ಅದಿರಲಿಲ್ಲ. "ಅಕ್ಕಾ, ಇದನ್ನು ಗುಜರಿಗೆ ಕೊಟ್ಟುಬಿಡು" ಎಂದನು ತಮ್ಮನು. ನನಗೆ ಮನಸ್ಸೊಪ್ಪಲಿಲ್ಲ.

ಬಟ್ಟೆಗೆ ಕತ್ತರಿ ಹಾಕುವ ಮುನ್ನ ಅಳತೆಯನ್ನು ತೆಗೆದುಕೊಳ್ಳಿರೆಂದು ಹೊಲಿಗೆಯ ತರಗತಿಯಲ್ಲಿ ನಮ್ಮ ಉಪಾಧ್ಯಾಯಿನಿಯವರು ಹೇಳುತ್ತಿದ್ದರಷ್ಟೆ. ಅಂತೆಯೇ ನಾನೂ ಮೊದಲು ನಮ್ಮ ಅಗತ್ಯವನ್ನು ಅಳೆದೆನು. ಯಂತ್ರವು ಹಗಲಿರುಳು ನಡೆದು ಮನೆಮಂದಿಗೆಲ್ಲ ಹಾಡು, ಚಿತ್ರಗಳನ್ನು ಒದಗಿಸಬೇಕು. ವ್ಯವಸ್ಥೆಯು ಪದೇ ಪದೇ ಬದಲಾಗಬಾರದು. ಲಿನಕ್ಸ್ ಬಳಗದ ಫೆಡೋರಾದಲ್ಲಿ ಹೊಸತನವು ಹೆಚ್ಚು. ಆದರೆ ಅದರ ಒಂದೊಂದು ಆವೃತ್ತಿಯ ಆಯುಸ್ಸು ಸುಮಾರು ೧೩ ತಿಂಗಳು. ೧೯೯೩ರಲ್ಲಿ ಹುಟ್ಟಿದ ಡೆಬಿಯನ್ನಿನ ಸ್ಥಿರ ಆವೃತ್ತಿಗಾದರೋ ದೀರ್ಘಾವಧಿಯ ಬೆಂಬಲವೂ ಸೇರಿ ೫ ವರ್ಷಗಳ ರಕ್ಷಣೆಯುಂಟು. ಅದನ್ನೇ ಆರಿಸಿದೆನು.

ಹೊಸ ವ್ಯವಸ್ಥೆಯನ್ನು ಸ್ಥಾಪಿಸುವಾಗ ಡಿಸ್ಕಿನಲ್ಲಿರುವದೆಲ್ಲವೂ ಅಳಿಸಿಹೋಗಬಹುದು. ಆದಕಾರಣ ಬೇರೆ ಎರಡು ಡಿಸ್ಕುಗಳಿಗೆ ಪ್ರತಿಮಾಡಿ, ಒಂದೊಂದನ್ನೂ ತೆರೆದು ಕೇಳಿದೆನು. ಒಂದರಲ್ಲಿ ತಾಯಿಯವರ ಕಡೆಯ ಕ್ರಿಸ್‌ಮಸ್ ಗೀತವು ಅರ್ಧಕ್ಕೇ ನಿಂತಿತು! ಎದೆ ಧಸಕ್ಕೆಂದಿತು. ಮೂಲವಿನ್ನೂ ಅಳಿದಿರಲಿಲ್ಲವಾಗಿ ಮತ್ತೆ ಪ್ರತಿಮಾಡಿದೆನು. ಯಾವ ವ್ಯವಸ್ಥೆಯನ್ನು ಆರಿಸಿದರೂ ಈ ಎಚ್ಚರಿಕೆಯನ್ನು ಮರೆಯಬಾರದೆಂದು ಸಹೋದರಿಯರಲ್ಲಿ ನನ್ನ ಬಿನ್ನಹ.

ಈಗ ಸಾಯಂಕಾಲದ ಪ್ರಾರ್ಥನೆಗೆ ಮುನ್ನ ತಮ್ಮನ ಮಕ್ಕಳು ಆ ಯಂತ್ರದ ಮುಂದೆ ಕುಳಿತು, ಅಜ್ಜಿಯ ದನಿಗೆ ದನಿಗೂಡಿಸಿ ಕೀರ್ತನೆಗಳನ್ನು ಕಲಿಯುತ್ತಿರುವರು.